ಗಿರಣಿ ನಿಂತ ವಾರ

ಕಾರವಾರಕ್ಕೆ ಸುಖಪಡಲೆಂದು ಹೋಗುವವರೂ ಇದ್ದಾರೆ ಎಂದರೆ ನಮ್ಮ ಸಿದ್ದಾಪುರದಲ್ಲಿ ಆಗ ಯಾರೂ ನಂಬುತ್ತಿರಲಿಲ್ಲ. ನಮ್ಮ ಕಡೆಯವರಿಗೆ ಕಾರವಾರವೆಂದರೆ ಜಿಲ್ಲಾ ಕಚೇರಿ, ಕೋರ್ಟು, ಬಿಸಿಲಿನಲ್ಲಿ ಕಾಗದದ ಕಟ್ಟು ಹಿಡಿದು ನಿಲ್ಲುವುದು, ಸಂಜೆಯ ಬಸ್ಸು ತಪ್ಪಿದರೆ ಯಾವುದೋ ಲಾಡ್ಜಿನ ಸೊಳ್ಳೆಗಳಿಗೆ ಆಹಾರವಾಗುವುದು. ಹಾಗಾಗಿ ನಾನೂ ನಮ್ಮವರೂ ಚೀಲ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ, ಒಂದು ವಾರ ಕಾರವಾರಕ್ಕೆ ಎಂದು ಕೇಳಿಸಿಕೊಂಡ ಪ್ರತಿಯೊಬ್ಬರೂ ಕೇಳಿದ್ದು ಒಂದೇ.

“ಎಂತ ಕೇಸು?”

“ಕೇಸೂ ಇಲ್ಲೆ, ಎಂತದೂ ಇಲ್ಲೆ. ಸಮುದ್ರ ನೋಡಲೆ ಹೊಂಟಿದ್ಯ” ಎಂದೆ.

ಕೇಳಿದವರು ನಕ್ಕರು. ಇವಳು ಗುಟ್ಟು ಬಿಟ್ಟುಕೊಡುವವಳಲ್ಲ ಎಂಬಂತೆ ನನ್ನನ್ನೊಮ್ಮೆ ನೋಡಿ ಮುಂದೆ ಹೋದರು. ನಮ್ಮವರು ಮಾತ್ರ ಈ ಪ್ರಶ್ನೋತ್ತರಕ್ಕೂ ತಮಗೂ ಸಂಬಂಧವೇ ಇಲ್ಲವೆಂಬಂತೆ ಬಸ್ಸು ಬರುವ ದಿಕ್ಕನ್ನೇ ನೋಡುತ್ತ ನಿಂತಿದ್ದರು. ಅವರು ಯಾವಾಗಲೂ ಹಾಗೆಯೇ. ಮಾತಾಡುವ ಕೆಲಸವನ್ನೆಲ್ಲ ಮದುವೆಯಾದ ದಿನವೇ ನನಗೆ ವಹಿಸಿಕೊಟ್ಟವರು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಎರಡು ಯಂತ್ರಗಳಿದ್ದವು, ಒಂದು ಅಕ್ಕಿ-ಗೋಧಿಗೆ, ಇನ್ನೊಂದು ಮೆಣಸು-ಮಸಾಲೆಗೆ. ಬೆಳಿಗ್ಗೆ ಶುರುವಾದರೆ ದೀಪ ಹಚ್ಚುವ ಹೊತ್ತಿನವರೆಗೆ ಅದೇ ಭರಭರ ಸದ್ದು. ಗೋಡೆ ನಡುಗುತ್ತಿತ್ತು, ಅಡುಗೆಮನೆಯಲ್ಲಿ ಲೋಟಗಳು ನಡುಗುತ್ತಿದ್ದವು, ಹೊಸದಾಗಿ ಬಂದಾಗ ನನ್ನ ಹಲ್ಲುಗಳೂ ನಡುಗಿದ್ದವು. ಆಮೇಲೆ ಅಭ್ಯಾಸವಾಯಿತು. ಮದುವೆಯಾದ ಸ್ವಲ್ಪ ದಿನಕ್ಕೇ ಸೆರಗು ಸಿಕ್ಕಿಸಿಕೊಂಡು ನಾನೂ ಗಿರಣಿಗೆ ಇಳಿದೆ.

ಗಿರಣಿಯಲ್ಲಿ ಮಾತು ನಡೆಯುವುದಿಲ್ಲ. ನಡೆಯುವುದು ಕೈ. ಅಂಗೈ ಮೇಲೆ ಮಾಡಿ ಬೆರಳು ಆಡಿಸಿದರೆ ‘ಕಾಳು ಸುರಿ’. ಮುಷ್ಟಿ ಬಿಗಿದರೆ ‘ಇನ್ನೂ ನುಣ್ಣಗೆ’. ಹೆಬ್ಬೆರಳಿನಿಂದ ಬೆರಳ ತುದಿ ಉಜ್ಜಿದರೆ ‘ತರಿ ಸಾಕು’. ಅಂಗೈಯನ್ನು ಕೆಳಮುಖವಾಗಿ ತಿರುಗಿಸಿ ಒಮ್ಮೆ ಕೊಡವಿದರೆ ‘ಖಾಲಿ, ಮೇಲಿನ ಬುಟ್ಟಿಯಲ್ಲಿ ಕಾಳಿಲ್ಲ, ಕಲ್ಲು ಎತ್ತು’ ಎಂದು ಅರ್ಥ. ಇವು ಮಾವನವರ ಕಾಲದಿಂದ ಬಂದವು. ನಾನು ಸೇರಿಸಿದ್ದೂ ಕೆಲವು ಇದ್ದವು. ಮೂಗು ಹಿಡಿದರೆ ಮೆಣಸು ಬೀಸಿಸುವವರು ಬಂದರು ಎಂದು, ಹಣೆ ಒತ್ತಿಕೊಂಡರೆ ಹಿಟ್ಟು ಕಡಿಮೆಯಾಯಿತೆಂದು ಜಗಳಕ್ಕೆ ನಿಲ್ಲುವ ಒಬ್ಬ ಮಾಸ್ತರರ ಹೆಂಡತಿ ಬಂದಳು ಎಂದು. ಆಗ ನಮ್ಮವರು ನಗುತ್ತಿದ್ದರು. ಹಿಟ್ಟು ಮೆತ್ತಿದ ಮುಖದಲ್ಲಿ ಹಲ್ಲು ಮಾತ್ರ ಬೇರೆ ಬಣ್ಣದ್ದಾಗಿ ಕಾಣುತ್ತಿತ್ತು.

ಹಿಟ್ಟಿಗೆ ಬರುವ ಮಕ್ಕಳ ಹತ್ತಿರವೂ ಅವರದ್ದು ಕೈಮಾತೇ. ಡಬ್ಬಿ ಇಟ್ಟ ಕೂಡಲೇ ಬೆರಳು ಎತ್ತಿ, ಹುಬ್ಬು ಹಾರಿಸಿ, ಎಷ್ಟನೇ ಕ್ಲಾಸು ಎಂದು ಕೇಳುತ್ತಿದ್ದರು. ಮಕ್ಕಳು ಬೆರಳಲ್ಲೇ ಉತ್ತರ ಕೊಡುತ್ತಿದ್ದರು. ಇದೊಂದು ಅವರ ಚಟ ಎಂದುಕೊಂಡಿದ್ದೆ.

ಮನೆಯೊಳಗಾದರೂ ಮಾತಾಡಬಹುದಿತ್ತಲ್ಲ ಎಂದರೆ, ಅತ್ತೆಗೆ ಕಿವಿ ಪೂರ್ತಿ ಮಂದ. ನಮ್ಮ ಮನೆಯಲ್ಲಿ ‘ಉಪ್ಪು ಕೊಡಿ’ ಎನ್ನುವುದನ್ನೂ ಊರಿಗೆಲ್ಲ ಕೇಳುವಂತೆ ಹೇಳಬೇಕಿತ್ತು. ಅತ್ತೆ ಒಬ್ಬರಿಗಾಗಿ ಕೂಗಿ ಕೂಗಿ ಕೊನೆಗೆ ಎಲ್ಲರೊಡನೆಯೂ ಕೂಗುವುದೇ ರೂಢಿಯಾಯಿತು. ಪಕ್ಕದ ಮನೆಗೆ ಹೊಸದಾಗಿ ಬಂದವರು ನಾವು ದಿನಾ ಕಾದಾಡುತ್ತೇವೆಂದು ತಿಳಿದು ಒಮ್ಮೆ ಸಮಾಧಾನ ಹೇಳಲು ಬಂದಿದ್ದರು. ಹಗಲು ಸನ್ನೆ, ಸಂಜೆ ಕೂಗು. ಈ ಎರಡರ ನಡುವೆ ಮೆಲ್ಲಗೆ ಆಡುವ ಮಾತು ಎಂಬುದಕ್ಕೆ ನಮ್ಮಲ್ಲಿ ಜಾಗವೇ ಇರಲಿಲ್ಲ.

ಮೆಲ್ಲಗೆ ಆಡಬೇಕಾದ ಮಾತು ನನ್ನಲ್ಲಿ ಒಂದಿತ್ತು.

ಮದುವೆಯಾದ ಮೂರನೇ ವರ್ಷ ನಾನು ಬಸುರಿಯಾದೆ. ಐದು ತಿಂಗಳು ತುಂಬಿದಾಗ ಹುಲಗೋಳದ ತವರಿಗೆ ಹೋಗಿದ್ದೆ. ಅಲ್ಲಿ ಒಂದು ಬೆಳಿಗ್ಗೆ ನೋವು ಶುರುವಾಗಿ, ಅಣ್ಣ ಶಿರಸಿಯ ಆಸ್ಪತ್ರೆಗೆ ಸೇರಿಸಿದ. ಮಗು ಉಳಿಯಲಿಲ್ಲ. ಸಿದ್ದಾಪುರಕ್ಕೆ ಹೇಳಿ ಕಳಿಸಿದ್ದರಂತೆ, ಆದರೆ ಸುದ್ದಿ ಮುಟ್ಟುವ ಮೊದಲೇ ನಾನು ಹಟ ಮಾಡಿ ಅಣ್ಣನ ಜೊತೆ ಬಸ್ಸು ಹತ್ತಿ ಮನೆಗೆ ಬಂದೆ. ಗಿರಣಿ ಓಡುತ್ತಿತ್ತು. ಜನ ಸಾಲು ನಿಂತಿದ್ದರು. ಬಾಗಿಲಲ್ಲಿ ನನ್ನನ್ನು ಕಂಡು ನಮ್ಮವರು ಹುಬ್ಬು ಎತ್ತಿದರು, ಇಷ್ಟು ಬೇಗ ಯಾಕೆ ಬಂದೆ ಎಂಬಂತೆ. ಆ ಸದ್ದಿನಲ್ಲಿ ನಾನು ಏನು ಹೇಳಲಿ? ಅಂಗೈ ಕೆಳಗೆ ಮಾಡಿ ಒಮ್ಮೆ ಕೊಡವಿದೆ.

ಅವರು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು. ಮೇಲಿನ ಬುಟ್ಟಿಯಲ್ಲಿ ಯಾರದೋ ಗೋಧಿ ಇನ್ನೂ ಅರ್ಧ ಇತ್ತು. ಆದರೂ ಕಲ್ಲು ಎತ್ತಿ, ಗಿರಣಿ ನಿಲ್ಲಿಸಿದರು. ಜನ ‘ಏನಾಯ್ತು, ಕರೆಂಟು ಹೋಯ್ತಾ’ ಎಂದರು. ಕರೆಂಟು ಹೋಗಿರಲಿಲ್ಲ, ಬಲ್ಬು ಉರಿಯುತ್ತಲೇ ಇತ್ತು. ಆಮೇಲೆ ಯಾರೋ ಬಸ್ಸಿಗೆ ಹೊತ್ತಾಯಿತು ಎಂದು ಗೊಣಗಿದ ಮೇಲೆ ಮತ್ತೆ ಗುಂಡಿ ಒತ್ತಿದರು. ನಾನು ಒಳಗೆ ಹೋಗಿ ಮಲಗಿದೆ.

ಅಷ್ಟೇ. ಅದರ ಬಗ್ಗೆ ನಾವಿಬ್ಬರೂ ಮತ್ತೆ ಒಂದೇ ಒಂದು ಮಾತು ಆಡಲಿಲ್ಲ. ಮುಂದೆ ಮಕ್ಕಳೂ ಆಗಲಿಲ್ಲ. ಸಿಕ್ಕಿದವರೆಲ್ಲ ಔಷಧಿ, ಹರಕೆ ಹೇಳಿದರು. ಹೆಂಗಸರು ನನ್ನ ಮುಂದೆ ಮಾತು ತಗ್ಗಿಸಿದರು. ನಮ್ಮವರೊಬ್ಬರು ಏನೂ ಹೇಳಲಿಲ್ಲ. ಅವರ ಮನಸ್ಸಿನಿಂದ ಅದು ಹೋಗಿಯೇ ಬಿಟ್ಟಿದೆಯೋ, ಒಳಗಿದೆಯೋ ಎಂದು ನನಗೆ ತಿಳಿಯಬೇಕಿತ್ತು. ಒಂದು ಸಲ, ಒಂದೇ ಸಲ, ಅದರ ಬಗ್ಗೆ ಗಂಡನ ಹತ್ತಿರ ಕೂತು ಮಾತಾಡಬೇಕಿತ್ತು. ಎಷ್ಟೋ ವರ್ಷ ಹಾಗೆಯೇ ಹೋಯಿತು.

ಅಷ್ಟರಲ್ಲಿ ಆ ವರ್ಷ ಗಿರಣಿಯ ಮೋಟರು ಸುಟ್ಟಿತು. ಕಾಯಿಲ್ ಕಟ್ಟಿಸಲು ಹುಬ್ಬಳ್ಳಿಗೆ ಕಳಿಸಬೇಕು, ಒಂದು ವಾರ ಹಿಡಿಯುತ್ತದೆ ಎಂದರು. ಅತ್ತೆ ಆಗ ಯಲ್ಲಾಪುರದ ಮಗಳ ಮನೆಗೆ ಹೊರಟು ನಿಂತಿದ್ದರು. ಇದು ಬಿಟ್ಟರೆ ಇಲ್ಲ ಎಂದುಕೊಂಡು ನಾನು ನಮ್ಮವರ ಎದುರು ನಿಂತು ಕೂಗಿದೆ, “ಕಾರವಾರಕ್ಕೆ ಹೋಪನ. ಸಮುದ್ರ ನೋಡನ.” ಅವರು ನನ್ನ ಮುಖ ನೋಡಿ “ಹ್ಞೂಂ” ಎಂದರು. ನನಗೆ ನಂಬಿಕೆಯೇ ಬರಲಿಲ್ಲ.

ಶಿರಸಿಯಲ್ಲಿ ಬಸ್ಸು ಬದಲಿಸಿ, ದೇವಿಮನೆ ಘಟ್ಟ ಇಳಿದು, ಮಧ್ಯಾಹ್ನದ ಹೊತ್ತಿಗೆ ಕಾರವಾರ ಮುಟ್ಟಿದೆವು. ಪುಷ್ಯದ ದಿನಗಳು. ನಮ್ಮಲ್ಲಿ ಆಗ ಬೆಳಿಗ್ಗೆ ಶಾಲು ಹೊದ್ದು ಓಡಾಡಬೇಕು. ಇಲ್ಲಿ ನೋಡಿದರೆ ಆಕಾಶ, ನೀರು, ಮರಳು ಎಲ್ಲವೂ ಹೊಳೆಯುತ್ತಿದ್ದವು. ಸಮುದ್ರಕ್ಕೆ ಹತ್ತಿರದಲ್ಲೇ ಒಂದು ಲಾಡ್ಜು ಸಿಕ್ಕಿತು. ಕಿಟಕಿ ತೆಗೆದರೆ ಗಾಳಿಮರಗಳ ಸಂದಿಯಲ್ಲಿ ನೀರು ಕಾಣುತ್ತಿತ್ತು. ಬಾಗಿಲು ಹಾಕಿದ ಮೇಲೆ ಕೋಣೆಯಲ್ಲಿ ಸದ್ದೇ ಇಲ್ಲ. ಅಂಥ ಮೌನ ನಾನು ಮದುವೆಯಾದ ಮೇಲೆ ಕೇಳಿರಲಿಲ್ಲ. ಇನ್ನೇನು, ಮಾತಾಡಬಹುದು ಎಂದು ತಲೆ ಬಾಚಿ, ಸೆರಗು ಸರಿಮಾಡಿಕೊಂಡೆ. ನಗಬೇಡಿ. ಸ್ವಂತ ಗಂಡನ ಜೊತೆ ಮಾತಾಡಲು ಹೊಸ ಮದುಮಗಳಂತೆ ತಯಾರಾಗಿದ್ದೆ.

ಆದರೆ ಅವರು ಒಲಿಯಲಿಲ್ಲ.

ನಾನು ಮಂಚದ ಮೇಲೆ ಕೂತು, ಎಷ್ಟು ಚೆಂದ ಗಾಳಿ ಎಂದರೆ, ಅವರು ಕಿಟಕಿಯತ್ತ ತಿರುಗಿ ನಿಂತವರು ತಿರುಗಲೂ ಇಲ್ಲ. ನಾಳೆ ಕಾಳಿ ನದಿಯ ಸೇತುವೆ ನೋಡೋಣವಾ ಎಂದರೆ “ಹ್ಞೂಂ”. ಬೇಡವಾ ಎಂದರೂ “ಹ್ಞೂಂ”. ಸ್ನಾನಕ್ಕೆ ಹೋದರೆ ನಲ್ಲಿ ಪೂರ್ತಿ ನಿಲ್ಲಿಸದೆ ಬರುವರು, ನೀರು ಸುರಿಯುತ್ತಲೇ ಇರುವುದು, ಗೊಣಗುತ್ತ ನಾನೇ ಎದ್ದು ಹೋಗಿ ತಿರುಪಬೇಕು. ಒಂದು ಬೆಳಿಗ್ಗೆ ನಾನು ಬಚ್ಚಲಲ್ಲಿದ್ದೆ. ಚಾ ತಂದವನು ಬಾಗಿಲು ತಟ್ಟಿದ, ಮತ್ತೆ ತಟ್ಟಿದ. ನಾನು ಒಳಗಿಂದಲೇ “ಬಾಗ್ಲು ತೆಗೀರಿ” ಎಂದು ಹೇಳುತ್ತಲೇ ಇದ್ದೆ. ಹೊರಗೆ ಬಂದು ನೋಡಿದರೆ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಿದ್ದಾರೆ, ಹಾಯಾಗಿ, ಕಾಲ ಮೇಲೆ ಕಾಲು ಹಾಕಿಕೊಂಡು. ಚಾದವನು ಹೊರಟೇ ಹೋಗಿದ್ದ. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ವಾರದ ರಜೆಗೆಂದು ಬಂದು ಮಹಾರಾಯರು ಹೆಂಡತಿಯ ಮಾತಿಗೂ ರಜೆ ಹಾಕಿದ್ದಾರೆ ಎಂದುಕೊಂಡೆ.

ಮಧ್ಯದ ಒಂದು ಸಂಜೆ ನಾನೇ ಮನಸ್ಸು ಗಟ್ಟಿ ಮಾಡಿದೆ. ಮರಳಿನ ಮೇಲೆ ಇಬ್ಬರೂ ಪಕ್ಕಪಕ್ಕ ಕೂತಿದ್ದೆವು. ಬಿಸಿಲು ಇಳಿಯುತ್ತಿತ್ತು, ಜನ ದೂರದೂರ ಇದ್ದರು. ಮುಖ ನೋಡಿಕೊಂಡು ಹೇಳುವ ಮಾತಲ್ಲ ಅದು. ಹಾಗಾಗಿ ನೀರನ್ನು ನೋಡುತ್ತ ಹೇಳಿದೆ. ನೋವು ಶುರುವಾದ ಬೆಳಿಗ್ಗೆ ಅಮ್ಮ ತೆಳ್ಳೇವು ದೋಸೆ ಎರೆಯುತ್ತಿದ್ದದ್ದು, ಶಿರಸಿಯ ದಾರಿಯಲ್ಲಿ ಜೀಪು ಕುಲುಕಿದಾಗೆಲ್ಲ ಹೊಟ್ಟೆ ಹಿಡಿದುಕೊಂಡದ್ದು, ಆಸ್ಪತ್ರೆಯ ಆಯಾ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದದ್ದು, ನೋಡಬೇಕೆಂದು ಕೇಳುವ ಧೈರ್ಯ ನನಗೆ ಆಗದ್ದು. ಮನೆಗೆ ಬಂದು ಗಿರಣಿಯ ಬಾಗಿಲಲ್ಲಿ, ಒಂದು ಕಾಳಿನ ಬುಟ್ಟಿಗೆ ಮಾಡುವ ಸನ್ನೆಯನ್ನು ನನ್ನದೇ ಹೊಟ್ಟೆಗೆ ಮಾಡಿದ್ದು. ಆಮೇಲೆ ನೀವು ಒಂದು ಮಾತೂ ಕೇಳಲಿಲ್ಲವಲ್ಲ, ನಿಮಗೆ ನೆನಪಾದರೂ ಇದೆಯಾ ಎಂದು ಕೇಳಿದೆ. ಎಲ್ಲ ಹೇಳಿದೆ. ಅಷ್ಟು ವರ್ಷದ್ದನ್ನು ಒಂದೇ ಉಸಿರಿಗೆ ಎಂಬಂತೆ ಹೇಳಿ ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕಾದೆ.

ಅವರು ಮರಳು ಕೊಡವಿ ಎದ್ದರು.

“ಚಾ ಕುಡಿಯನ?” ಎಂದರು.

ನಾನು ಎದ್ದೆ. ಚಾ ಕುಡಿದೆ. ಜೊತೆಗೆ ಒಂದು ಬನ್ನೂ ತಿಂದೆ. ಹೀಗೆಲ್ಲ ಆದಾಗ ಮನುಷ್ಯರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ, ನಾನು ಬನ್ನು ತಿಂದೆ. ಆದರೆ ಆ ಸಂಜೆಯಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗಲೂ, ಅವರಿಗೆ ಹೇಳಬೇಕು ಎಂಬ ಒಂದು ಆಸೆ ಜೊತೆಗಿತ್ತು. ಈಗ ಹೇಳಿಯೂ ಆಗಿತ್ತು. ಇನ್ನು ಕಾಯಲು ಏನೂ ಉಳಿದಿರಲಿಲ್ಲ.

ಮರುದಿನ ನಾನು ಬಾಯಿ ಹೊಲಿದುಕೊಂಡೆ. ಹೊಟೇಲಿಗೆ ಹೋದೆವು, ದೇವಸ್ಥಾನಕ್ಕೆ ಹೋದೆವು, ಪೇಟೆಯಲ್ಲಿ ಅತ್ತೆಗೆಂದು ಒಂದು ಸೀರೆ ತೆಗೆದುಕೊಂಡೆವು. ಎಲ್ಲ ಕಡೆ ನವದಂಪತಿಗಳು ಕೈ ಹಿಡಿದು ಏನೇನೋ ಗುಸುಗುಸು ಮಾತಾಡುತ್ತ ಹೋಗುತ್ತಿದ್ದರು. ಅವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಾನು ಮಾತು ಬಿಟ್ಟದ್ದು ನಮ್ಮವರ ಗಮನಕ್ಕೇ ಬಂದಂತಿರಲಿಲ್ಲ. ಮಾತಾಡುವವಳು ಮಾತು ಬಿಟ್ಟರೆ ಕೊನೇಪಕ್ಷ ‘ಎಂತ ಆತು’ ಎಂದು ಕೇಳಬೇಡವೆ?

ಆ ಮೇಲಿನ ದಿನ ಸೇತುವೆಯ ಕಡೆ ಹೊರಟಿದ್ದೆವು. ಅವರು ಎರಡು ಮಾರು ಮುಂದೆ, ನಾನು ಹಿಂದೆ. ರಸ್ತೆ ಅಗಲವಿರಲಿಲ್ಲ. ಹಿಂದಿನಿಂದ ಒಂದು ಮೀನಿನ ಲಾರಿ ಹಾರನ್ ಹೊಡೆಯುತ್ತ ಬಂತು. ನಾನು ಪಕ್ಕಕ್ಕೆ ಸರಿದೆ. ಅವರು ಸರಿಯಲಿಲ್ಲ. ಲಾರಿಯವನು ಮತ್ತೆ ಹಾರನ್ ಒತ್ತಿ ಹಿಡಿದ. ಅವರು ನದಿ ನೋಡುತ್ತ ರಸ್ತೆಯಲ್ಲೇ ನಡೆಯುತ್ತಿದ್ದರು. ನಾನು ಓಡಿ ಹೋಗಿ ಅಂಗಿ ಹಿಡಿದು ಎಳೆದೆ. ಲಾರಿ ನಮ್ಮನ್ನು ಸವರಿಕೊಂಡೇ ಹೋಯಿತು, ಒಳಗಿದ್ದವನು ಕೊಂಕಣಿಯಲ್ಲಿ ಏನೋ ಬೈದ. ಅವರು ಬೆಚ್ಚಿ ನನ್ನನ್ನು ನೋಡಿದರು, ಆಮೇಲೆ ಲಾರಿಯನ್ನು ನೋಡಿದರು, ಅದು ಎಲ್ಲಿಂದ ಬಂತು ಎಂಬಂತೆ.

ಹಿಡಿದಿದ್ದ ಅಂಗಿ ಬಿಟ್ಟೆ. ಆಗ ತಲೆಯಲ್ಲಿ ಏನೋ ಒಂದು ಹೊಳೆಯಿತು. ಅವರನ್ನು ಮುಂದೆ ಬಿಟ್ಟು ಹಿಂದೆ ಉಳಿದೆ. “ಹೋಯ್” ಎಂದೆ. ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ “ಹೋಯ್” ಎಂದೆ. ಇಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಲ್ಲಿ ಒಗಟು ಕಟ್ಟಿ ಒಮ್ಮೆ ಹೇಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಆ ಹಗಲು ಬೆಳಕಿನಲ್ಲಿ, ನಡುರಸ್ತೆಯಲ್ಲಿ, ಅವರ ಹೆಸರು ಹಿಡಿದು ಕರೆದೆ. ಬುಟ್ಟಿ ಹೊತ್ತು ಎದುರು ಬರುತ್ತಿದ್ದ ಮೀನಿನ ಹೆಂಗಸು ಗಕ್ಕನೆ ನಿಂತು ನನ್ನನ್ನು ನೋಡಿದಳು. ಅವರು ನೋಡಲಿಲ್ಲ.

ಅವರಿಗೆ ಕೇಳುವುದಿಲ್ಲ. ಗಿರಣಿ ಅವರ ಕಿವಿ ತಿಂದು ಎಷ್ಟು ಕಾಲವಾಗಿತ್ತೋ. ಸನ್ನೆಯ ಗಿರಣಿಯಲ್ಲಿ, ಕೂಗುವ ಮನೆಯಲ್ಲಿ, ಎದುರು ನಿಂತು ಬಾಯಿ ನೋಡಿ ಮಾತು ಹಿಡಿಯುತ್ತ ಅವರು ಹೇಗೋ ದಿನ ದೂಡಿದ್ದರು. ನಮಗೆ ಯಾರಿಗೂ ಗೊತ್ತೇ ಆಗಿರಲಿಲ್ಲ. ಅತ್ತೆಯದ್ದೊಂದೇ ಕಿವುಡು ಎಂದುಕೊಂಡು ನಾವೆಲ್ಲ ಕೂಗುತ್ತಿದ್ದೆವು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಒಂಟಿತನ ಇಳಿಯಲಿಲ್ಲ. ಅಷ್ಟು ವರ್ಷ ಕಾದು ಹೇಳಿದ ಮಾತನ್ನು ನಾನು ಸಮುದ್ರಕ್ಕೆ ಹೇಳಿದ್ದೆ. ಇನ್ನು ಮೆಲ್ಲಗೆ ಆಡುವ ಮಾತು ಈ ಜನ್ಮದಲ್ಲಿ ನಮಗಿಲ್ಲ ಎನ್ನುವುದೂ ತಿಳಿಯಿತು. ಸೇತುವೆ ಮುಟ್ಟಿದ ಮೇಲೆ ಅದರ ಕಟಾಂಜನ ಹಿಡಿದು ಅತ್ತುಬಿಟ್ಟೆ. ನಾನು ಲಾರಿಗೆ ಹೆದರಿ ಅಳುತ್ತಿದ್ದೇನೆಂದು ತಿಳಿದು ಅವರು ಬೆನ್ನು ತಟ್ಟಿದರು.

ಕೊನೆಯ ಸಂಜೆ ಮತ್ತೆ ಅದೇ ಮರಳಿಗೆ ಹೋದೆವು. ಅಂದು ಭಾನುವಾರ, ತುಂಬ ಜನ. ಚುರುಮುರಿ ಮಾರುವವರು, ಕುಟುಂಬಗಳು, ಚೆಂಡಾಡುವ ಮಕ್ಕಳು. ಈ ಸಲ ನಾನು ಅವರ ಪಕ್ಕ ಕೂರದೆ, ಸಮುದ್ರಕ್ಕೆ ಬೆನ್ನು ಮಾಡಿ, ಅವರ ಎದುರು ಕೂತೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಗುಟ್ಟು ಬಯಲಾಯಿತು ಎಂದು ಅವರಿಗೂ ತಿಳಿದಿರಬೇಕು.

“ಮೊನ್ನೆ ಇಲ್ಲಿ ಕೂತು ನೀನು ಎಂತದೋ ಹೇಳ್ತಾ ಇದ್ದಿದ್ದೆ” ಎಂದರು, ತಮ್ಮ ದನಿ ತಮಗೇ ಕೇಳದವರ ಗಟ್ಟಿ ದನಿಯಲ್ಲಿ. “ಕಣ್ಣೀರು ಒರೆಸಿಕೊಂಡಿದ್ದು ಕಂಡಿತ್ತು. ಮಾತು ಕೇಳಿದ್ದಿಲ್ಲೆ. ಎನ್ನ ಕೆಮಿ ಹೋಯ್ದು. ಹೇಳಲೆ ನಾಚಿಕೆ ಆಗಿ ಚಾ ಕುಡಿಯನ ಹೇಳಿದ್ದು. ಎಂತ ಹೇಳಿದೆ?”

ಚುರುಮುರಿಯವನು ತಿರುಗಿ ನೋಡಿದ. ಪಕ್ಕದ ಕುಟುಂಬವೂ ನೋಡಿತು. ಆ ಮಾತನ್ನು ಅಷ್ಟು ಜನರ ನಡುವೆ ಕೂಗಿ ಹೇಳುವುದು ಹೇಗೆ?  ಕೊನೆಗೆ ಕೈ ಎತ್ತಿದೆ. ಅಂಗೈಯನ್ನು ಕೆಳಮುಖ ಮಾಡಿ, ಒಮ್ಮೆ ಕೊಡವಿದೆ.

ಅವರು ತಡಮಾಡಲಿಲ್ಲ. ಯಾವ ಖಾಲಿ ಎಂದು ಕೇಳಲೂ ಇಲ್ಲ. ಎದ್ದು ನಿಂತು, ತಮ್ಮ ಅಂಗೈಯನ್ನು ಕೆಳಮುಖ ಮಾಡಿ, ಎದೆಯ ಮಟ್ಟಕ್ಕೆ ಗಾಳಿಯಲ್ಲಿ ಹಿಡಿದರು. ಅಲ್ಲಿ ಯಾರದೋ ತಲೆ ಇದೆ ಎಂಬಂತೆ ಹಗುರವಾಗಿ ಹಿಡಿದರು. ಆಮೇಲೆ ಇನ್ನೊಂದು ಕೈ ಎತ್ತಿ ಐದು ಬೆರಳು ತೋರಿಸಿದರು.

ಐದನೇ ಕ್ಲಾಸು. ನನ್ನ ಲೆಕ್ಕವೂ ಅದೇ ಆಗಿತ್ತು. ಪ್ರತಿ ಜೂನಿನಲ್ಲಿ ಶಾಲೆಯ ಗಂಟೆ ಹೊಡೆದಾಗ ಒಳಗೊಳಗೇ ಒಂದು ಕ್ಲಾಸು ದಾಟಿಸುತ್ತ ಬಂದಿದ್ದೆ, ಯಾರಿಗೂ ಹೇಳದೆ. ಅವರೂ ದಾಟಿಸುತ್ತಿದ್ದರು, ಹಿಟ್ಟಿಗೆ ಬರುವ ಮಕ್ಕಳನ್ನು ಕೇಳಿ ಕೇಳಿ, ಆ ಕ್ಲಾಸಿನವರು ಎಷ್ಟು ಎತ್ತರ ಇರುತ್ತಾರೆಂದು ನೋಡಿಕೊಂಡು. ಒಂದೇ ಗಿರಣಿಯಲ್ಲಿ, ಎದುರುಬದುರು ನಿಂತು, ಒಂದೇ ಮಗುವನ್ನು ನಾವು ಬೇರೆ ಬೇರೆಯಾಗಿ ಬೆಳೆಸಿದ್ದೆವು.

ಮರುದಿನ ಊರಿಗೆ ಬಂದೆವು. “ಕೇಸು ಎಂತ ಆತು?” ಎಂದು ಬಸ್‌ಸ್ಟ್ಯಾಂಡಿನಲ್ಲೇ ಒಬ್ಬರು ಕೇಳಿದರು. ಮುಗಿಯಿತು ಎಂದೆ. ಮೋಟರು ಬಂದಿತ್ತು. ಮುಂದೆ ಹುಬ್ಬಳ್ಳಿಯಲ್ಲಿ ಅವರಿಗೆ ಕಿವಿಯ ಯಂತ್ರ ಕೊಡಿಸಿದೆ. ಅದನ್ನು ಹಾಕಿಕೊಂಡರೆ ಗಿರಣಿಯ ಸದ್ದೇ ಎರಡು ಪಟ್ಟು ಕೇಳುತ್ತದೆಂದು ತೆಗೆದು ಗೂಡಿನಲ್ಲಿಟ್ಟರು. ಆಮೇಲೆ ಅದನ್ನು ಅತ್ತೆ ಹಾಕಿಕೊಂಡು, ನಾವೆಲ್ಲ ಯಾಕೆ ಇಷ್ಟು ಕೂಗುತ್ತೇವೆಂದು ಬೈಯತೊಡಗಿದರು.

ಆ ಜೂನಿನಲ್ಲಿ, ಶಾಲೆ ಶುರುವಾದ ಬೆಳಿಗ್ಗೆ, ಗಿರಣಿಯ ಸದ್ದಿನ ನಡುವೆ ಅವರು ನನ್ನತ್ತ ತಿರುಗಿ ಆರು ಬೆರಳು ಎತ್ತಿದರು. ಮುಂದಿನ ವರ್ಷ ಏಳು. ಜನ ಅದನ್ನು ಸೇರಿನ ಲೆಕ್ಕವೆಂದುಕೊಳ್ಳುತ್ತಿದ್ದರು. ನಾನು ತಲೆ ಆಡಿಸಿ ಡಬ್ಬಿಗೆ ಹಿಟ್ಟು ತುಂಬುತ್ತಿದ್ದೆ. ಇಡೀ ವರ್ಷದಲ್ಲಿ ನಾವು ಆ ವಿಷಯ ಆಡುತ್ತಿದ್ದುದು ಅಷ್ಟೇ. ಉಳಿದ ದಿನಗಳಲ್ಲಿ ಅವರ ಮೌನ ಅವರಿಗೆ, ನನ್ನದು ನನಗೆ. ಅದು ಕಡಿಮೆಯಾಯಿತೆಂದು ಸುಳ್ಳು ಹೇಳಲಾರೆ.

ಹತ್ತನೇ ಕ್ಲಾಸಿನ ವರ್ಷ ಎರಡೂ ಕೈ ಪೂರ್ತಿ ಬಿಚ್ಚಿ ತೋರಿಸಿದರು. ಅದರ ಮುಂದಿನ ಜೂನು ಬಂದಾಗ ಅದೇ ರೀತಿ ಎರಡು ಕೈ ಎತ್ತಿದವರು, ಹತ್ತು ಬೆರಳನ್ನೂ ಬಿಚ್ಚಿ, ಹಾಗೆಯೇ ನಿಂತುಬಿಟ್ಟರು. ಬೆರಳು ಮುಗಿದಿದ್ದವು. ಏನು ಮಾಡಬೇಕೆಂದು ತೋಚದೆ ನನ್ನ ಮುಖ ನೋಡಿದರು. ನಾನು ಹಿಟ್ಟಿನ ಕೈ ಒರೆಸಿಕೊಂಡು, ನನ್ನದೊಂದು ಬೆರಳು ಎತ್ತಿದೆ. ಅವರು ಅದನ್ನೂ ಸೇರಿಸಿ ಎಣಿಸಿದರು. ಆಮೇಲೆ ಕೈ ಇಳಿಸಿ, ಮುಂದಿನವರ ಗೋಧಿ ಸುರಿದರು.